ಸೆರೆಯಾಳುಗಳನ್ನು ಬಿಟ್ಟು ಚೆನ್ನಮ್ಮ ತಪ್ಪು ಮಾಡಿದರಾ? ಒಳ್ಳೆಯ ನಾಯಕರನ್ನು ಯಾವುದರಿಂದ ಅಳೆಯಬೇಕು?

ಬೈಲಹೊಂಗಲದವ

ಎಲ್ಲರಿಗೂ ನಮಸ್ಕಾರ. ಕಿತ್ತೂರು ಉತ್ಸವ ಹತ್ತಿರ ಬಂದಾಗಲೆಲ್ಲ ನಮ್ಮ ಕಡೆ ಒಂದು ವಾದ ಎದ್ದೇ ಏಳುತ್ತದೆ. ಕೈಗೆ ಸಿಕ್ಕಿದ್ದ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ರಾಣಿ ಚೆನ್ನಮ್ಮ ಬಿಟ್ಟುಬಿಟ್ಟರಲ್ಲ, ಅದು ಸರಿಯಾ ತಪ್ಪಾ ಅಂತ. ಈ ಸಲ ಅದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ತಗೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿದ. ತೋಪುಗಳನ್ನು ಎಳೆಸಿಕೊಂಡು ಕೋಟೆ ಬಾಗಿಲಿಗೇ ಬಂದ. ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಒಳಗಿಂದ ಕಿತ್ತೂರಿನ ದಂಡು ನುಗ್ಗಿ ಬಂತು. ಥ್ಯಾಕರೆ ಅಲ್ಲೇ ಬಿದ್ದ. ಅವನನ್ನು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಚಿಕ್ಕ ಮಕ್ಕಳೂ ಹೇಳುತ್ತಾರೆ. ಥ್ಯಾಕರೆಯ ಕೈಕೆಳಗಿನ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆ ಸಿಕ್ಕರು. ಡೆಕ್ಕನ್ ಕಮಿಷನರ್ ಚಾಪ್ಲಿನ್ ಒಂದು ಕಡೆ ಮಾತುಕತೆ ಆಡುತ್ತ, ಇನ್ನೊಂದು ಕಡೆ ದೊಡ್ಡ ದಂಡು ಸೇರಿಸಿದ. ಇವರಿಬ್ಬರನ್ನು ಬಿಟ್ಟರೆ ಯುದ್ಧ ಇರುವುದಿಲ್ಲ ಅನ್ನೋ ಮಾತನ್ನು ನಂಬಿ ರಾಣಿ ಡಿಸೆಂಬರ್ ಮೊದಲಲ್ಲಿ ಅವರನ್ನು ಬಿಟ್ಟರು. ಅದರ ಬೆನ್ನಿಗೇ ಕೋಟೆ ಮೇಲೆ ದಾಳಿ ಆಯ್ತು, ಕೋಟೆ ಬಿತ್ತು. ರಾಣಿಯನ್ನು ನಮ್ಮ ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಇಲ್ಲೇ ತೀರಿಕೊಂಡರು. ಸಮಾಧಿ ಇಲ್ಲೇ ಇದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅವರು ತಪ್ಪು ಮಾಡಲಿಲ್ಲ. ಯುದ್ಧದಲ್ಲಿ ಧೈರ್ಯ ತೋರಿಸುವವರು ಬಹಳ ಜನ ಇರುತ್ತಾರೆ. ಆದರೆ ಶತ್ರು ಕೈಗೆ ಸಿಕ್ಕಿ ನಿಸ್ಸಹಾಯಕನಾಗಿ ಕೂತಿರುವಾಗ ಏನು ಮಾಡ್ತೀರಿ? ನಾಯಕರನ್ನು ಅಲ್ಲಿ ನೋಡಬೇಕು. ರಾಜಕೀಯದಲ್ಲೂ ಹಾಗೇ. ಗೆದ್ದ ಮೇಲೆ, ಕುರ್ಚಿ ಸಿಕ್ಕ ಮೇಲೆ, ಎದುರಾಳಿಗೆ ಮಾತಾಡೋಕೂ ಆಗದಂಥ ಹೊತ್ತಿನಲ್ಲಿ ಹೇಗೆ ನಡ್ಕೊಂಡರು ಅನ್ನೋದೇ ಅಳತೆ. ನೀವೇನಂತೀರಿ?

ಮಾಜಿ ಸುಬೇದಾರ್, ಗೋಕಾಕ

ತಮ್ಮಾ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಸೆರೆಯಾಳನ್ನು ಹೊಡೆಯಬಾರದು, ಹಸಿದು ಮಲಗಿಸಬಾರದು. ಅದರಲ್ಲಿ ಎರಡು ಮಾತಿಲ್ಲ. ರಾಣಿ ಅವರಿಬ್ಬರನ್ನೂ ಚೆನ್ನಾಗಿ ನೋಡಿಕೊಂಡರು. ಅದು ಅವರ ದೊಡ್ಡತನ.

ಆದರೆ ಚೆನ್ನಾಗಿ ನೋಡಿಕೊಳ್ಳೋದು ಬೇರೆ, ಬಿಟ್ಟು ಕೊಡೋದು ಬೇರೆ. ಕೋಟೆ ಒಳಗೆ ಸಾವಿರಾರು ಜನ ಇದ್ದರು. ಅವರ ಜೀವದ ಹೊಣೆ ರಾಣಿಯ ಮೇಲಿತ್ತು. ಆ ಇಬ್ಬರು ಒಳಗೆ ಇರುವ ತನಕ ಶತ್ರು ತೋಪು ಹಾರಿಸೋಕೆ ಹತ್ತು ಸಲ ಯೋಚನೆ ಮಾಡುತ್ತಿದ್ದ. ಶತ್ರುವಿನ ದಂಡು ಹಿಂದೆ ಸರಿಯುವ ಮೊದಲು ಬಿಡಬಾರದಿತ್ತು. ಬಾಯಿಮಾತಿಗೆ ಬೆಲೆ ಕೊಡೋದು ಮನೆಯಲ್ಲಿ ಸರಿ. ರಣರಂಗದಲ್ಲಿ ಎದುರಿಗಿರುವವನ ಬಲ ಎಷ್ಟು, ಎಲ್ಲಿದೆ ಅಂತ ನೋಡಿ ನಿರ್ಧಾರ ಮಾಡಬೇಕು.

ಇದನ್ನು ಗೌರವದಿಂದಲೇ ಬರೆಯುತ್ತಿದ್ದೇನೆ. ನನ್ನ ಮನೆಯಲ್ಲಿ ಅವರ ಫೋಟೋ ಇದೆ.

ಹುಕ್ಕೇರಿ ಹುಡುಗ

ಸೋಲಿಗೆ ಕಾರಣ ಸೆರೆಯಾಳುಗಳಲ್ಲ, ಮನೆಮುರುಕರು. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಹೆಸರು ನಮ್ಮ ಕಡೆ ಇವತ್ತಿಗೂ ಬೈಗುಳ. ಮದ್ದಿಗೆ ಸಗಣಿ ಕಲಸಿದರು ಅಂತಾನೇ ನಮ್ಮಜ್ಜಿ ಹೇಳುತ್ತಿದ್ದಳು. ಒಳಗಿನವರೇ ಕೈಕೊಟ್ಟರೆ ಯಾವ ನಾಯಕ ತಾನೇ ಏನು ಮಾಡ್ತಾನೆ?

ಬಿಜಾಪುರದಾಕೆ

ತಮ್ಮಾ, ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡಿದ್ದೇವೆ ಅನ್ನೋದೂ ನಾಯಕರ ಲೆಕ್ಕಕ್ಕೇ ಸೇರುತ್ತದೆ, ಅಲ್ವಾ? ದ್ರೋಹಿಗಳು ಎಲ್ಲ ಕಾಲದಲ್ಲೂ ಇರುತ್ತಾರೆ. ಇದರ ಬಗ್ಗೆ ಉದ್ದವಾಗಿ ಬರೆಯೋದಿದೆ. ಸಂಜೆ ಕೂತು ಬರೀತೀನಿ, ಈಗ ಶಾಲೆಗೆ ಹೊತ್ತಾಯ್ತು.

ಬಾದಾಮಿ ಗೈಡ್

ಗೆದ್ದ ಮೇಲೆ ಏನು ಮಾಡಿದರು ಅನ್ನೋ ಅಳತೆ ನನಗೆ ಬಹಳ ಹಿಡಿಸಿತು. ಅದಕ್ಕೆ ನಮ್ಮ ಚಾಲುಕ್ಯರಲ್ಲೇ ಒಂದು ಉದಾಹರಣೆ ಇದೆ. ಪ್ರವಾಸಿಗರಿಗೆ ದಿನಾ ಹೇಳುತ್ತೇನೆ.

ಇಮ್ಮಡಿ ಪುಲಿಕೇಶಿ ಎಲ್ಲರಿಗೂ ಗೊತ್ತು. ನರ್ಮದೆಯ ದಂಡೆಯಲ್ಲಿ ಹರ್ಷನನ್ನು ತಡೆದವನು. ಐಹೊಳೆಯ ಮೇಗುತಿ ಗುಡಿಯ ಗೋಡೆ ಮೇಲೆ ರವಿಕೀರ್ತಿ ಬರೆಸಿದ 634ರ ಶಾಸನ ಪೂರ್ತಿ ಅವನ ಗೆಲುವುಗಳೇ. ಆ ಶಾಸನ ಕೆತ್ತಿ ಹತ್ತು ವರ್ಷವೂ ಆಗಿರಲಿಲ್ಲ, ಸುಮಾರು 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ರಾಜಧಾನಿ ಹೋಯಿತು, ರಾಜನೂ ಹೋದ. ನರಸಿಂಹವರ್ಮ ವಾತಾಪಿ ಗೆದ್ದವನು ಅಂತ ಬಿರುದು ಹಾಕಿಕೊಂಡ. ಇಲ್ಲಿಯ ಬಂಡೆ ಮೇಲೆ ತನ್ನ ಶಾಸನ ಕೆತ್ತಿಸಿ ಹೋದ. ಮುಂದೆ ಪುಲಿಕೇಶಿಯ ಮಗ ಮೊದಲನೇ ವಿಕ್ರಮಾದಿತ್ಯ 655ರ ಸುಮಾರಿಗೆ ರಾಜ್ಯವನ್ನು ಮತ್ತೆ ಕಟ್ಟಿದ.

ಬಾದಾಮಿ ಬಿದ್ದು ಸುಮಾರು ನೂರು ವರ್ಷಕ್ಕೆ ಇಮ್ಮಡಿ ವಿಕ್ರಮಾದಿತ್ಯ ದಂಡು ತಗೊಂಡು ಕಂಚಿಗೆ ಹೋಗಿ ಗೆದ್ದ. ಸೇಡು ತೀರಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೇನಿತ್ತು? ಊರು ಸುಡಬಹುದಿತ್ತು, ಗುಡಿ ದೋಚಬಹುದಿತ್ತು. ಅವನು ಕಂಚಿಯನ್ನು ಹಾಳು ಮಾಡಲಿಲ್ಲ. ಪಲ್ಲವರ ರಾಜಸಿಂಹೇಶ್ವರ ಗುಡಿಯ, ಅಂದ್ರೆ ಈಗಿನ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ, ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ. ಆ ಸಂಗತಿಯನ್ನು ಹೇಳುವ ಕನ್ನಡ ಶಾಸನ ಇವತ್ತಿಗೂ ಆ ಗುಡಿಯಲ್ಲೇ ಇದೆ, ತಮಿಳುನಾಡಿನಲ್ಲಿ! ಗೆದ್ದು ಬಂದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ. ಆ ಗುಡಿ ಮುಂದೆ ನಿಂತಾಗ ಕಲ್ಲಿನ ಕೆಲಸ ಪಲ್ಲವರ ಗುಡಿಯನ್ನು ನೆನಪಿಸುತ್ತದೆ ಅಂತ ತಮಿಳುನಾಡಿನಿಂದ ಬಂದವರೇ ಎಷ್ಟೋ ಸಲ ಹೇಳಿದ್ದಾರೆ. ಶತ್ರುವಿನ ಊರಿನಿಂದ ಕಲಿತು ಬಂದ ಅನ್ನಿ. ನನಗೆ ಪುಲಿಕೇಶಿಗಿಂತ ಇವನೇ ದೊಡ್ಡವನು ಅನ್ನಿಸುತ್ತಾನೆ. ಈ ಮಾತಿಗೆ ಊರಲ್ಲಿ ಜಗಳ ಆಗುತ್ತದೆ, ಆಗಲಿ.

ಹಾಗಂತ ಸುಮ್ನೆ ಮೆತ್ತಗಿರಬೇಕು ಅಂತಲ್ಲ. ಬಾದಾಮಿಯ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಅದರಲ್ಲಿ ಒಂದು ತ್ರಿಪದಿ ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ ಶುರುವಾಗಿ ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಅನ್ನೋ ತನಕ ಹೋಗುತ್ತದೆ. ಎರಡೂ ಒಬ್ಬನಲ್ಲೇ ಇರಬೇಕು.

ಮಾಜಿ ಸುಬೇದಾರ್, ಗೋಕಾಕ

ಬಾದಾಮಿಯವರೇ, ಚೆನ್ನಾಗಿ ಹೇಳಿದಿರಿ. ಆದರೆ ನೋಡಿ, ನಿಮ್ಮ ವಿಕ್ರಮಾದಿತ್ಯ ಪೂರ್ತಿ ಗೆದ್ದ ಮೇಲೆ ಉದಾರಿಯಾದ. ಚೆನ್ನಮ್ಮ ಇನ್ನೂ ಗೆದ್ದಿರಲಿಲ್ಲ. ಒಂದು ಕಾಳಗ ಗೆದ್ದಿದ್ದರು, ಯುದ್ಧ ಬಾಕಿ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಬಿಜಾಪುರದಾಕೆ

ಹೇಳಿದ ಹಾಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಜಿಲ್ಲೆಯ ತಾಳಿಕೋಟಿ ಕಡೆ ರಕ್ಕಸಗಿ, ತಂಗಡಗಿ ಅಂತ ಊರುಗಳಿವೆ. 1565ರ ಜನವರಿ 23ರ ಯುದ್ಧ ಆ ಹೆಸರಿನಲ್ಲೇ ಉಳಿದಿದೆ. ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಅಷ್ಟು ದೊಡ್ಡ ವಿಜಯನಗರ ಒಂದೇ ದಿನದಲ್ಲಿ ಹೇಗೆ ಬಿತ್ತು ಟೀಚರ್? ದ್ರೋಹ ಅಂತ ಹೇಳಿ ಮುಗಿಸಬಹುದು. ಮುಗಿಸೋಕೆ ನನಗೆ ಮನಸ್ಸಿಲ್ಲ.

ಅಳಿಯ ರಾಮರಾಯ ದಡ್ಡನಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಡಳಿತ ಅವನ ಕೈಯಲ್ಲಿತ್ತು. ಹೆಸರಿಗೆ ಸದಾಶಿವರಾಯ ರಾಜ, ನಡೆಸುವವನು ಇವನು. ದಖ್ಖನಿನ ಸುಲ್ತಾನರಲ್ಲಿ ಒಮ್ಮೆ ಬಿಜಾಪುರದ ಜೊತೆ, ಒಮ್ಮೆ ಅಹಮದ್‌ನಗರದ ಜೊತೆ ಸೇರಿ, ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟಿ ವಿಜಯನಗರವನ್ನು ಬಲವಾಗಿ ಇಟ್ಟ. ನಮ್ಮ ಒಂದನೇ ಅಲಿ ಆದಿಲ್‌ಶಾಹ ತಾನೇ ವಿಜಯನಗರಕ್ಕೆ ಹೋಗಿ ಅವನ ಸ್ನೇಹ ಸಂಪಾದಿಸಿದ್ದ. ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಅದೇ ಅಲಿ ಕೆಲವೇ ವರ್ಷಗಳಲ್ಲಿ ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹನ ಜೊತೆ ನಿಂತ. ನೆಂಟಸ್ತನವೂ ಆಯ್ತು. ಹುಸೇನನ ಮಗಳು ಚಾಂದ್ ಬೀಬಿ ಅಲಿಯನ್ನು ಮದುವೆಯಾಗಿ ಬಿಜಾಪುರಕ್ಕೆ ಬಂದಳು, ಸೊಲ್ಲಾಪುರದ ಕೋಟೆ ಜೊತೆಗೆ ಬಂತು. ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದವರನ್ನು ಒಂದು ಮಾಡಿದ್ದು ಯಾರು? ರಾಮರಾಯನ ಮೇಲಿನ ಭಯ, ಸಿಟ್ಟು. ಗೆದ್ದಾಗ ಅವನು ಸೋತವರ ಮಾನಕ್ಕೆ ಕೈ ಹಾಕಿದ. ಪರ್ಷಿಯನ್ ಬರಹಗಾರರು ಅವನ ದರ್ಪವನ್ನು ಮತ್ತೆ ಮತ್ತೆ ಹೇಳುತ್ತಾರೆ. ಅವರು ಎದುರು ಪಕ್ಷದವರು, ಅದನ್ನು ಕಳೆದು ಓದಬೇಕು. ಆದರೂ ಒಂದಾದದ್ದಂತೂ ನಿಜ.

ಇನ್ನು ಯುದ್ಧದ ದಿನ. ವಯಸ್ಸು ಎಂಬತ್ತರ ಆಸುಪಾಸು. ರಣರಂಗಕ್ಕೆ ತಾನೇ ಬಂದಿದ್ದ, ಆ ಧೈರ್ಯಕ್ಕೆ ಕೈ ಮುಗಿಯಬೇಕು. ಸೆರೆ ಸಿಕ್ಕ, ಹುಸೇನ್ ಅಲ್ಲೇ ತಲೆ ತೆಗೆಸಿದ. ಅಷ್ಟೇ. ಅಷ್ಟು ದೊಡ್ಡ ದಂಡು ಚೆಲ್ಲಾಪಿಲ್ಲಿಯಾಯಿತು. ರಾಮರಾಯನ ತಮ್ಮ ತಿರುಮಲ, ರಾಜ ಸದಾಶಿವರಾಯನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೊರಟ. ಸುತ್ತ ಗುಡ್ಡ, ಸುತ್ತ ಕೋಟೆ ಇದ್ದ ರಾಜಧಾನಿಯನ್ನು ಕಾಯೋಕೆ ಯಾರೂ ನಿಲ್ಲಲಿಲ್ಲ. ಎಲ್ಲವೂ ಒಬ್ಬನ ತಲೆಯಲ್ಲೇ ಇದ್ದರೆ ಆ ತಲೆ ಉರುಳಿದ ದಿನ ಎಲ್ಲವೂ ಮುಗಿಯಿತು. ಹುಕ್ಕೇರಿ ತಮ್ಮಾ, ಇದಕ್ಕೇ ನಾನು ಬೆಳಿಗ್ಗೆ ಹಾಗೆ ಬರೆದದ್ದು. ದ್ರೋಹ ಆಗಿರಬಹುದು. ದ್ರೋಹ ಒಂದಕ್ಕೇ ಇಡೀ ಮನೆ ಬೀಳುವ ಹಾಗೆ ಕಟ್ಟಿದ್ದು ಯಾರು ಅಂತಾನೂ ಕೇಳಬೇಕು.

ಇನ್ನು ಚಾಂದ್ ಬೀಬಿ. ನನ್ನ ಪ್ರಕಾರ ನಮ್ಮ ಊರು ಕಂಡ ಅತಿ ದೊಡ್ಡ ನಾಯಕಿ. ಆದರೆ ಗೋಳಗುಮ್ಮಟ ನೋಡೋಕೆ ಬಂದವರಲ್ಲಿ ಹತ್ತರಲ್ಲಿ ಒಬ್ಬರೂ ಅವಳ ಹೆಸರಿನ ಚಾಂದ್ ಬಾವಡಿ ಕಡೆ ಹೋಗುವುದಿಲ್ಲ. 1580ರಲ್ಲಿ ಗಂಡ ಕೊಲೆಯಾದ. ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಇನ್ನೂ ಒಂಬತ್ತು ವರ್ಷದ ಹುಡುಗ. ಸರದಾರರು ಒಬ್ಬರ ಮೇಲೊಬ್ಬರು ಬಿದ್ದು ಅಧಿಕಾರ ಕಿತ್ತುಕೊಂಡರು. ಒಬ್ಬನಂತೂ ಅವಳನ್ನೇ ಸಾತಾರದ ಕೋಟೆಯಲ್ಲಿ ಸೆರೆ ಇಟ್ಟ. ಅದರಿಂದ ಹೊರಗೆ ಬಂದಳು, ಹುಡುಗನನ್ನು ಉಳಿಸಿದಳು. ಆ ಹುಡುಗನೇ ಮುಂದೆ ಸಂಗೀತಪ್ರೇಮಿ, ಜಗದ್ಗುರು ಬಾದಶಾಹ ಅನ್ನಿಸಿಕೊಂಡ ಇಬ್ರಾಹಿಂ. ಆಮೇಲೆ ತವರು ಅಹಮದ್‌ನಗರಕ್ಕೆ ಮೊಗಲರ ಮುತ್ತಿಗೆ ಬಿದ್ದಾಗ, 1595-96ರಲ್ಲಿ, ಅಲ್ಲಿ ನಿಂತು ಕೋಟೆ ಕಾಯ್ದಳು. ಮದ್ದಿಟ್ಟು ಗೋಡೆ ಒಡೆದಾಗ ಕತ್ತಿ ಹಿಡಿದು ಒಡೆದ ಜಾಗಕ್ಕೇ ಬಂದಳು, ರಾತ್ರೋರಾತ್ರಿ ಗೋಡೆ ಕಟ್ಟಿಸಿದಳು. ಕೊನೆಗೆ ಬೇರಾರ್ ಪ್ರಾಂತ್ಯ ಬಿಟ್ಟುಕೊಟ್ಟು ಕೋಟೆ ಉಳಿಸಿಕೊಂಡಳು.

ಮೊಗಲರು 1600ರಲ್ಲಿ ಮತ್ತೆ ಬಂದರು. ಈ ಸಲ ಒಳಗೆ ಶಕ್ತಿ ಇಲ್ಲ, ಮಾತುಕತೆ ಮಾಡಿ ಜನರ ಜೀವ ಉಳಿಸೋಣ ಅಂದಳು. ಇವಳು ಶತ್ರುವಿಗೆ ಮಾರಿಕೊಂಡಳು ಅಂತ ಗುಲ್ಲೆಬ್ಬಿಸಿದರು. ತನ್ನವರೇ ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು.

ಹೋರಾಡಬೇಕಾದಾಗ ಹೋರಾಡಿದಳು, ನಿಲ್ಲಿಸಬೇಕಾದಾಗ ನಿಲ್ಲಿಸೋಣ ಅಂದಳು. ಎರಡನೆಯದಕ್ಕೆ ಜಾಸ್ತಿ ಧೈರ್ಯ ಬೇಕು. ಚೆನ್ನಮ್ಮ ಸಂಧಾನ ನಂಬಿದ್ದನ್ನೂ ನಾನು ಇದೇ ಕಣ್ಣಿಂದ ನೋಡುತ್ತೇನೆ ಸುಬೇದಾರ್ ಸಾಹೇಬರೇ. ಕೋಟೆ ಒಳಗಿನ ಹೆಂಗಸರು ಮಕ್ಕಳು ಬದುಕಲಿ ಅಂತ ನೋಡಿದ್ದು ಅದು.

ಹುಕ್ಕೇರಿ ಹುಡುಗ

ಟೀಚರ್, ಚಾಂದ್ ಬೀಬಿ ಬಗ್ಗೆ ಇಷ್ಟು ಗೊತ್ತಿರಲಿಲ್ಲ. ಥ್ಯಾಂಕ್ಸ್. ಮುಂದಿನ ಸಲ ಬಿಜಾಪುರಕ್ಕೆ ಬಂದರೆ ಮೊದಲು ಬಾವಡಿಗೇ ಹೋಗ್ತೀನಿ.

ಬೈಲಹೊಂಗಲದವ

ಅಕ್ಕಾ, ಒಬ್ಬನ ತಲೆಯಲ್ಲೇ ಎಲ್ಲ ಇದ್ದರೆ ಅಂದಿರಲ್ಲ, ಅಲ್ಲಿಗೇ ಬಂದೆ. ರಕ್ಕಸಗಿ-ತಂಗಡಗಿಯ ಮರುದಿನ ಯಾರೂ ನಿಲ್ಲಲಿಲ್ಲ. ಕಿತ್ತೂರು ಬಿದ್ದ ಮೇಲೆ ಏನಾಯ್ತು ನೋಡಿ. ರಾಣಿ ಸೆರೆಯಲ್ಲೇ ತೀರಿಕೊಂಡರು, ಕೋಟೆ ಕಂಪನಿ ಕೈಯಲ್ಲಿ, ಖಜಾನೆ ಖಾಲಿ. ಆಗಲೂ ಸಂಗೊಳ್ಳಿ ರಾಯಣ್ಣ ಎದ್ದ. ಅವನು ರಾಜಮನೆತನದವನಲ್ಲ, ಶೇತಸನದಿ. ಊರ ಕಾವಲಿಗೆ ಹೊಲ ಉಂಬಳಿ ಪಡೆದವನು. ಅವನು ಸುಟ್ಟದ್ದು ಏನನ್ನು? ಬೀಡಿ, ಖಾನಾಪುರ, ನಂದಗಡ ಕಡೆಯ ಸರ್ಕಾರಿ ಕಚೇರಿಗಳನ್ನು, ದಫ್ತರುಗಳನ್ನು. ರೈತನ ಹೊಲ ಕಿತ್ತುಕೊಳ್ಳುವ ಕಾಗದ ಅಲ್ಲಿತ್ತು. ದತ್ತುಮಗ ಶಿವಲಿಂಗಪ್ಪನನ್ನು ದೊರೆ ಮಾಡಬೇಕು ಅಂತಲೇ ಹೋರಾಡಿದ, ತನಗೆ ಪಟ್ಟ ಬೇಕು ಅಂತ ಅಲ್ಲ. 1830ರಲ್ಲಿ ಮೋಸದಿಂದ ಹಿಡಿದರು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ರಾಣಿ ಇಲ್ಲದಾಗಲೂ ಒಬ್ಬ ಸಾಮಾನ್ಯ ಮನುಷ್ಯ ಅವರ ಕೆಲಸವನ್ನು ತನ್ನದೇ ಅಂತ ಹೊತ್ತುಕೊಂಡ. ಹಾಗೆ ಹೊತ್ತುಕೊಳ್ಳುವಂಥ ಜನ ಹುಟ್ಟಬೇಕಾದರೆ ರಾಣಿ ಅವರನ್ನು ಹೇಗೆ ನಡೆಸಿಕೊಂಡಿರಬೇಕು?

ಮುಧೋಳ ಕಡೆಯವ

ನಾಯಕರೇ ಬೇಕಾ ಅಂತ ನನ್ನ ಪ್ರಶ್ನೆ. ನಮ್ಮ ಹಲಗಲಿ ನೋಡಿ. 1857ರಲ್ಲಿ ಹತಾರ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾನೂನು ತಂತು. ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು ಎಲ್ಲಾ ಹತಾರದಿಂದಲೇ. ಅದನ್ನು ಕೊಟ್ಟು ಬದುಕೋದು ಹೆಂಗೆ? ಊರಿಗೆ ಬೆಂಕಿ ಇಟ್ಟರು, ಡಿಸೆಂಬರಿನಲ್ಲಿ 19 ಜನರನ್ನು ಮುಧೋಳ, ಹಲಗಲಿಯಲ್ಲಿ ಗಲ್ಲಿಗೆ ಹಾಕಿದರು. ಅಲ್ಲಿ ರಾಜನೂ ಇರಲಿಲ್ಲ, ಸೇನಾಪತಿಯೂ ಇರಲಿಲ್ಲ. ಲಾವಣಿಯಲ್ಲಿ ಜಡಗ, ಬಾಲ ಅಂತ ಒಬ್ಬರ ಜೊತೆ ಇನ್ನೊಬ್ಬರ ಹೆಸರು ಬರುತ್ತದೆ, ಒಬ್ಬನೇ ಒಬ್ಬನ ಹೆಸರು ಬರಲ್ಲ.

ಮಾಜಿ ಸುಬೇದಾರ್, ಗೋಕಾಕ

ಮುಧೋಳದವರೇ, ನಾಯಕ ಇಲ್ಲದಿದ್ದದ್ದಲ್ಲ, ಬಹಳ ಜನ ನಾಯಕರಿದ್ದರು ಅನ್ನಿ. ಫೌಜಿನಲ್ಲಿ ನಾವು ಅದನ್ನೇ ಕಲಿಸೋದು.

ಬೆಳಗಾವಿಯಲ್ಲಿ ಇನ್‌ಫೆಂಟ್ರಿ ಸ್ಕೂಲ್‌ಗೆ ಸೇರಿದ ಜೂನಿಯರ್ ಲೀಡರ್ಸ್ ವಿಂಗ್ ಇದೆ. ಅಲ್ಲಿ ಜನರಲ್‌ಗಳನ್ನು ತಯಾರು ಮಾಡಲ್ಲ. ಸೆಕ್ಷನ್, ಪ್ಲಟೂನ್ ನಡೆಸುವವರನ್ನು ತಯಾರು ಮಾಡ್ತಾರೆ. ಹತ್ತು ಜನ, ಮೂವತ್ತು ಜನರ ನಾಯಕರು. ಯುದ್ಧ ಗೆಲ್ಲೋದೂ ಸೋಲೋದೂ ಜಾಸ್ತಿ ಇವರ ಕೈಯಲ್ಲೇ ಇರುತ್ತದೆ.

ಕಾರ್ಯಾಚರಣೆಗೆ ಮುಂಚೆ ಕಮಾಂಡರ್ ಆರ್ಡರ್ ಕೊಡುತ್ತಾರೆ. ಮಣ್ಣಿನಲ್ಲಿ ಜಾಗದ ಮಾದರಿ ಮಾಡಿರುತ್ತೇವೆ, ಗುಡ್ಡ, ಹಳ್ಳ, ದಾರಿ ಎಲ್ಲಾ. ಸುತ್ತ ಕೂತು ಕೇಳಬೇಕು. ಆ ಆರ್ಡರ್‌ನಲ್ಲಿ ಒಂದು ಮಾತು ಇದ್ದೇ ಇರಬೇಕು. ನನಗೆ ಏನಾದರೂ ಆದರೆ ಕಮಾಂಡ್ ಇವರದು, ಇವರಿಗೆ ಆದರೆ ಇವರದು ಅಂತ. ತಾನು ಸತ್ತರೆ ಮುಂದೇನು ಅನ್ನೋದನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಕೊನೆಗೆ ‘ಕೋಯಿ ಶಕ್?’ ಅಂತ ಕೇಳ್ತಾರೆ, ಯಾರಿಗಾದರೂ ಅನುಮಾನ ಇದೆಯಾ ಅಂತ. ಸಾಮಾನ್ಯವಾಗಿ ಎಲ್ಲರೂ ಸುಮ್ಮನಿರುತ್ತಾರೆ. ನನ್ನ ಮೊದಲ ಪ್ಲಟೂನ್ ಕಮಾಂಡರ್ ಸಾಹೇಬರು ಅಷ್ಟಕ್ಕೆ ಬಿಡುತ್ತಿರಲಿಲ್ಲ. ಎಲ್ಲರಿಗಿಂತ ಹೊಸ ಹುಡುಗನ ಹೆಸರು ಹಿಡಿದು ಕರೆದು, ನಿನ್ನ ಕೆಲಸ ಏನು ಹೇಳು ಅನ್ನುತ್ತಿದ್ದರು. ಅವನು ತಡವರಿಸಿದರೆ ಬೈಯುತ್ತಿರಲಿಲ್ಲ. ನಾನು ಸರಿಯಾಗಿ ಹೇಳಿಲ್ಲ ಅಂತ ಅಂದು ಮತ್ತೆ ಮೊದಲಿಂದ ಹೇಳುತ್ತಿದ್ದರು. ಉದ್ದದ ಮಾರ್ಚ್ ಮುಗಿದ ಮೇಲೆ ತಮ್ಮ ನೀರಿನ ಬಾಟಲಿ ಮುಟ್ಟುವ ಮೊದಲು ನಮ್ಮ ಬೂಟು ಬಿಚ್ಚಿಸಿ ಪಾದ ನೋಡುತ್ತಿದ್ದರು. ಬೊಬ್ಬೆ ಎದ್ದವನನ್ನು ನರ್ಸಿಂಗ್ ಅಸಿಸ್ಟೆಂಟ್ ಹತ್ತಿರ ಕಳಿಸಿ, ಉಳಿದವರ ಊಟ ಬಂತಾ ಅಂತ ವಿಚಾರಿಸಿ, ಆಮೇಲೆ ಕೂರುತ್ತಿದ್ದರು. ಆ ಮನುಷ್ಯ ನಡಿ ಅಂದರೆ ನಾವು ಯಾಕೆ ಅಂತ ಕೇಳುತ್ತಿರಲಿಲ್ಲ.

ಕೆಟ್ಟ ಸುದ್ದಿ ಕೇಳಿಸಿಕೊಳ್ಳೋದು ಇನ್ನೊಂದು. 1959ರಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ನಡವಳಿಕೆಗೆ ಬೇಸತ್ತು ರಾಜೀನಾಮೆ ಕೊಟ್ಟರು. ನೆಹರೂ ಒಲಿಸಿ ವಾಪಸ್ ತಗೊಳ್ಳುವ ಹಾಗೆ ಮಾಡಿದರು, ಆಮೇಲೆ ಸಂಸತ್ತಿನಲ್ಲಿ ಅವರನ್ನೇ ಟೀಕೆ ಮಾಡಿದರು. ಅದನ್ನು ನೋಡಿದ ಮೇಲೆ ಯಾವ ಅಧಿಕಾರಿ ಬಾಯಿ ಬಿಡ್ತಾನೆ? 1962ರ ಚೀನಾ ಯುದ್ಧದಲ್ಲಿ ನಮ್ಕಾ ಚು ಕಣಿವೆಯಲ್ಲಿ ನಮ್ಮ ಜವಾನರನ್ನು ಸರಿಯಾದ ಚಳಿಬಟ್ಟೆ, ಬೇಕಾದಷ್ಟು ಮದ್ದುಗುಂಡು ಇಲ್ಲದೆ ನಿಲ್ಲಿಸಿದ್ದರು. ಕೋರ್ ಕಮಾಂಡರ್ ಕೌಲ್ ಕಾಯಿಲೆ ಬಿದ್ದು ದೆಹಲಿಗೆ ಬಂದವರು ಅಲ್ಲಿ ಹಾಸಿಗೆಯಿಂದಲೇ ಕಮಾಂಡ್ ನಡೆಸಿದರು. ಈ ಜಾಗ ಹಿಡಿದು ನಿಲ್ಲೋಕೆ ಆಗಲ್ಲ ಅಂದಿದ್ದ ಬ್ರಿಗೇಡಿಯರ್ ದಳವಿ ತಮ್ಮ ಜವಾನರ ಜೊತೆಗೇ ಇದ್ದು ಸೆರೆಯಾದರು. ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು 1971. ಏಪ್ರಿಲ್‌ನಲ್ಲೇ ಯುದ್ಧಕ್ಕೆ ಹೋಗಬೇಕು ಅಂತ ಸಚಿವ ಸಂಪುಟದಲ್ಲಿ ಮಾತು ಬಂದಾಗ ಜನರಲ್ ಮಾಣೆಕ್‌ಶಾ ಆಗಲ್ಲ ಅಂದರು. ಮಳೆಗಾಲ ಬರ್ತಿದೆ, ಸೈನ್ಯ ತಯಾರಿಲ್ಲ, ಚಳಿಗಾಲ ಬಂದರೆ ಹಿಮಾಲಯದ ಕಣಿವೆಗಳು ಮುಚ್ಚಿ ಚೀನಾದ ಕಾಟ ತಪ್ಪುತ್ತದೆ ಅಂತ. ಆಮೇಲೆ ತಾವೇ ಇದನ್ನು ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಆಗಲ್ಲ ಅಂದವರನ್ನು ಇಂದಿರಾ ಗಾಂಧಿ ತೆಗೆದುಹಾಕಲಿಲ್ಲ, ಕಾಲಾವಕಾಶ ಕೊಟ್ಟರು. ಡಿಸೆಂಬರ್ 3ಕ್ಕೆ ಯುದ್ಧ ಶುರು, 16ಕ್ಕೆ ಢಾಕಾದಲ್ಲಿ ಶರಣಾಗತಿ. ಸುಮಾರು 93,000 ಜನ ಸೆರೆ ಸಿಕ್ಕರು. ಅವರನ್ನೆಲ್ಲ ನಿಯಮದ ಪ್ರಕಾರ ನೋಡಿಕೊಂಡು, ಒಪ್ಪಂದ ಆದ ಮೇಲೆ ವಾಪಸ್ ಕಳಿಸಿದೆವು. ಬೈಲಹೊಂಗಲದ ತಮ್ಮಾ, ಅಲ್ಲಿಗೆ ನಿಮ್ಮ ಅಳತೆಯೂ ಸೇರಿತು ನೋಡಿ.

ನವನಗರ, ಬಾಗಲಕೋಟೆ

ಸುಬೇದಾರ್ ಸಾಹೇಬರೇ, 1965 ಬಿಟ್ಟಿರಿ. ಆಲಮಟ್ಟಿ ಜಲಾಶಯಕ್ಕೆ ಲಾಲ್ ಬಹಾದೂರ್ ಶಾಸ್ತ್ರಿ ಸಾಗರ ಅಂತಾನೇ ಹೆಸರು. 1964ರ ಮೇನಲ್ಲಿ ಅಡಿಗಲ್ಲು ಹಾಕಿದ್ದು ಅವರೇ, ಕೆಲವೇ ದಿನಗಳಲ್ಲಿ ಪ್ರಧಾನಿಯಾದರು. ರೈಲ್ವೆ ಮಂತ್ರಿಯಾಗಿದ್ದಾಗ 1956ರ ಅರಿಯಲೂರು ಅಪಘಾತದ ಹೊಣೆ ಹೊತ್ತು ರಾಜೀನಾಮೆ ಕೊಟ್ಟವರು. ಸಣ್ಣ ಮೈಕಟ್ಟಿನ, ಮೆಲ್ಲಗೆ ಮಾತಾಡುವ ಮನುಷ್ಯ. ಆದರೆ 1965ರ ಸೆಪ್ಟೆಂಬರ್‌ನಲ್ಲಿ ಗಡಿ ದಾಟಿ ಲಾಹೋರ್ ಕಡೆ ನುಗ್ಗಿ ಅಂತ ಸೈನ್ಯಕ್ಕೆ ಒಪ್ಪಿಗೆ ಕೊಟ್ಟರು. ದೇಶದಲ್ಲಿ ಕಾಳಿನ ಕೊರತೆ ಇದ್ದಾಗ ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನು ಕೇಳಿದರು. ಜನ ಬಿಟ್ಟರು. ಅಂಥ ಮಾತು ಕೇಳುವ ಯೋಗ್ಯತೆ ಮೊದಲು ಸಂಪಾದಿಸಬೇಕು.

ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಹಿನ್ನೀರಿಗೆ ಹೋಯಿತು. ಅಣೆಕಟ್ಟಿನ ನೀರು ಎಷ್ಟೋ ಊರಿನ ಹೊಲ ಹಸಿರು ಮಾಡಿದೆ, ಅದು ಬೇಕಿತ್ತು. ಆದರೆ ಮುಳುಗಡೆಯಾದವರ ಕಚೇರಿ ಅಲೆದಾಟ ನೋಡಿದವನು ನಾನು. ನಮ್ಮಪ್ಪ ಒಂದು ಹಕ್ಕುಪತ್ರಕ್ಕೆ ಚಪ್ಪಲಿ ಸವೆಸಿದರು. ನಿರ್ಧಾರ ಮಾಡುವ ನಾಯಕ, ಅದರ ಬೆಲೆ ಕಟ್ಟುವವರ ಮನೆ ಬಾಗಿಲಿಗೆ ಒಂದು ಸಲವಾದರೂ ಬರಬೇಕು.

ಮಲಪ್ರಭಾ ದಂಡೆ

ಎಲ್ಲರೂ ರಾಜರು, ಪ್ರಧಾನಿಗಳ ಬಗ್ಗೆ ಬರೀತಿದ್ದೀರಿ. ನಾನು ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯೆ ಬಗ್ಗೆ ಹೇಳುತ್ತೇನೆ. ಹೆಸರು ಬೇಡ, ನಮ್ಮ ಊರಿನ ಅಕ್ಕ ಅಂದ್ರೆ ಸಾಕು.

2019ರ ಆಗಸ್ಟ್ ನೆನಪಿದೆಯಲ್ಲ? ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಒಳಗೂ ಬಂದಿತ್ತು. ನಮ್ಮ ಊರು ಅಲ್ಲಿಂದ ದೂರ ಇಲ್ಲ. ಅಕ್ಕ ಹಿಂದಿನ ದಿನವೇ ಮನೆಮನೆಗೆ ಬಂದು ‘ದನ ಬಿಚ್ಚಿರಿ, ದಾವಣಿಯೊಳಗ ಕಟ್ಟಿ ಮಲಗಬ್ಯಾಡ್ರಿ’ ಅಂತ ಹೇಳಿ ಹೋದಳು. ಕೈಯಲ್ಲಿ ಮಗಳ ಶಾಲೆ ನೋಟ್‌ಬುಕ್. ಅದರಲ್ಲಿ ನಡೆಯಲಾಗದ ಮುದುಕರು, ಬಸುರಿ, ಬಾಣಂತಿ ಯಾವ ಮನೆಯಲ್ಲಿದ್ದಾರೆ ಅಂತ ಬರೆದಿದ್ದಳು. ಟ್ರ್ಯಾಕ್ಟರ್ ಇದ್ದವರಿಗೆ ಒಬ್ಬೊಬ್ಬರಿಗೆ ಒಂದೊಂದು ಓಣಿ ಹಂಚಿದಳು. ರಾತ್ರಿ ನೀರು ಬಂದಾಗ ಎತ್ತರದ ಶಾಲೆ ಬಾಗಿಲು ತೆರೆದಿತ್ತು, ಜನ ಒಳಗಿದ್ದರು. ಹಗೇವಿನ ಜೋಳ ಹೋಯಿತು, ಗೋಡೆಗಳು ಹೋದವು, ಜೀವ ಹೋಗಲಿಲ್ಲ. ಮೂರನೇ ದಿನಕ್ಕೆ ದೊಡ್ಡವರೊಬ್ಬರು ಕಾರಿನಲ್ಲಿ ಬಂದರು. ಬಿಸ್ಕೆಟ್ ಪ್ಯಾಕೆಟ್ ಕೊಡುವಾಗ ಫೋಟೋ ತೆಗೆಸಿಕೊಂಡು ಹೋದರು. ಕೆಸರಿಗೆ ಇಳಿಯಲಿಲ್ಲ.

ಆದರೆ ನಾನು ಹೇಳಬೇಕಾದ್ದು ಅದರ ಮುಂದಿನದು. ಮನೆ ಬಿದ್ದವರ ಪಟ್ಟಿ ಮಾಡುವಾಗ ಎ, ಬಿ, ಸಿ ಅಂತ ವರ್ಗ ಇತ್ತು. ಪೂರ್ತಿ ಬಿದ್ದ ಮನೆಗೆ ಐದು ಲಕ್ಷ. ನೀವೇ ಯೋಚನೆ ಮಾಡಿ, ಆ ಪಟ್ಟಿಯಲ್ಲಿ ಹೆಸರು ಸೇರಿಸೋಕೆ ಎಷ್ಟು ಒತ್ತಡ ಇರಬೇಕು. ಅಕ್ಕ ಹನುಮಪ್ಪನ ಗುಡಿ ಕಟ್ಟೆ ಮೇಲೆ ನಿಂತು ಪಟ್ಟಿಯನ್ನು ಪೂರ್ತಿ ಓದಿದಳು. ಒಂದೊಂದು ಹೆಸರು ಓದಿ, ತಕರಾರು ಇದ್ದವರು ಈಗಲೇ ಹೇಳಿ ಅಂದಳು. ಅವಳ ಸ್ವಂತ ಮೈದುನನ ಹೆಸರು ಎ ವರ್ಗದಲ್ಲಿ ಯಾರೋ ಸೇರಿಸಿದ್ದರು. ಅವನ ಮನೆಯ ಹಿತ್ತಿಲ ಗೋಡೆ ಮಾತ್ರ ಬಿದ್ದಿತ್ತು. ‘ಇದು ಸುಳ್ಳ ಐತಿ’ ಅಂತ ಎಲ್ಲರ ಮುಂದೆ ಹೇಳಿ ಹೊಡೆದು ಹಾಕಿಸಿದಳು. ಮೈದುನ ಅಲ್ಲೇ ನಿಂತಿದ್ದ.

ಮುಂದಿನ ವರ್ಷದ ಪಂಚಾಯ್ತಿ ಚುನಾವಣೆಯಲ್ಲಿ ಅಕ್ಕ ಸೋತಳು. ಮನೆಯವರೇ ಎದುರು ನಿಂತು ಕೆಲಸ ಮಾಡಿದರು.

ಹುಕ್ಕೇರಿ ಹುಡುಗ

ಓದಿ ಬಹಳ ಬೇಜಾರಾಯ್ತು ಅಕ್ಕಾ. ಒಳ್ಳೆಯವರು ಸೋಲೋದಾದರೆ ನಾವು ಇಷ್ಟೆಲ್ಲ ಮಾತಾಡಿ ಏನು ಉಪಯೋಗ?

ಜಮಖಂಡಿ ವಕೀಲ

ಅದಕ್ಕೇ ಈಗ ಬರೆಯುತ್ತಿದ್ದೇನೆ. ಇಲ್ಲಿಯ ತನಕ ಎಲ್ಲರೂ ಗುಣದ ಬಗ್ಗೆ ಮಾತಾಡಿದಿರಿ. ರಾಜಕೀಯದಲ್ಲಿ ಗುಣದ ಜೊತೆ ಸಂಘಟನೆ ಬೇಕು.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ತಗೊಳ್ಳಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಟಿಳಕವಾಡಿಯಲ್ಲಿ ಆಗ ತೋಡಿದ ಬಾವಿ ಇವತ್ತಿಗೂ ಇದೆ, ಕಾಂಗ್ರೆಸ್ ಬಾವಿ ಅಂತಾರೆ. ಗಾಂಧೀಜಿ ಬಂದರು, ಸ್ವರಾಜ್ಯ ಪಕ್ಷದವರ ಜೊತೆಗಿನ ಜಗಳವನ್ನು ಬೆಸೆದರು, ಹೋದರು. ಆದರೆ ಅಷ್ಟು ಸಾವಿರ ಜನಕ್ಕೆ ನೀರು, ಊಟ, ಬಿಡಾರ, ಸಂಡಾಸು ವ್ಯವಸ್ಥೆ ಯಾರು ಮಾಡಿದರು? ಹುದಲಿಯ ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತರು. ಡಾಕ್ಟರ್ ಹರ್ಡೀಕರ್ ಸ್ವಯಂಸೇವಕರ ಪಡೆ ಕಟ್ಟಿದರು. ಆ ಪಡೆಯೇ ಸೇವಾದಳ. ಕಟ್ಟಿದ ಪಡೆ ಇದ್ದದ್ದರಿಂದಲೇ ಮುಂದಿನ ಚಳವಳಿಗಳಿಗೆ ನಮ್ಮ ಜಿಲ್ಲೆಗಳಿಂದ ಅಷ್ಟು ಜನ ಬಂದರು. ಮಲಪ್ರಭಾದವರೇ, ನಿಮ್ಮ ಅಕ್ಕ ಒಬ್ಬಳೇ ಓಡಾಡಿದಳು. ಪ್ರವಾಹದ ದಿನ ಓಣಿ ಹಂಚಿದ ಹಾಗೆ ಚುನಾವಣೆಯಲ್ಲೂ ಓಣಿ ಹಂಚಬೇಕಿತ್ತು. ಟ್ರ್ಯಾಕ್ಟರ್ ತಂದವರು ಮತಗಟ್ಟೆಗೆ ಜನರನ್ನು ಯಾಕೆ ಕರ್ಕೊಂಡು ಬರಲಿಲ್ಲ?

ಅಧಿಕಾರ ಬಿಡುವ ವಿಷಯಕ್ಕೂ ನಮ್ಮ ಜಿಲ್ಲೆಯ ಉದಾಹರಣೆ ಇದೆ. ಕೆರೂರಿನಲ್ಲಿ ಹುಟ್ಟಿ ಹುನಗುಂದದಿಂದ ಗೆದ್ದ ಎಸ್. ಆರ್. ಕಂಠಿ 1962ರಲ್ಲಿ ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಆ ಚುನಾವಣೆಯಲ್ಲಿ ಸೋತಿದ್ದರು. ಅವರು ಬಾಗಲಕೋಟೆಯಿಂದ ಗೆದ್ದು ಬಂದ ಕೂಡಲೇ ಕಂಠಿಯವರು ಮೂರು ತಿಂಗಳ ಚಿಲ್ಲರೆಯ ಕುರ್ಚಿ ಬಿಟ್ಟುಕೊಟ್ಟರು. ಅವರದೇ ಸಂಪುಟದಲ್ಲಿ ಶಿಕ್ಷಣ ಮಂತ್ರಿಯಾಗಿ ಕೂತರು. 1963ರಲ್ಲಿ ವಿಜಯಪುರದ ಸೈನಿಕ ಶಾಲೆ ಶುರುವಾದದ್ದು ಅದೇ ಕಾಲದಲ್ಲಿ. ಮುಖ್ಯಮಂತ್ರಿಯಾದವರು ಮಂತ್ರಿಯಾಗಿ ಕೆಲಸ ಮಾಡೋದನ್ನು ಇವತ್ತು ಊಹಿಸೋಕಾಗುತ್ತಾ?

ನಮ್ಮ ಜಮಖಂಡಿಯ ಬಿ. ಡಿ. ಜತ್ತಿಯವರನ್ನೂ ಹೇಳದೆ ಇರಲಾರೆ. ಸವಳಗಿಯವರು. ಊರ ಪುರಸಭೆಯಿಂದ ಶುರು ಮಾಡಿ ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿ. ಗೇಣಿದಾರರ ಪರ ಭೂಸುಧಾರಣೆಗೆ ದಾರಿ ಮಾಡಿದ ಸಮಿತಿಗೆ ಅವರದೇ ಹೆಸರು. 1977ರಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಾಗದ ಬಂದಾಗ ತಕ್ಷಣ ಸಹಿ ಹಾಕಲಿಲ್ಲ, ತಡೆದು ನೋಡಿದರು. ಕೊನೆಗೆ ಸಂವಿಧಾನ ಹೇಳಿದಂತೆ ಸಹಿ ಮಾಡಿದರು. ಇದನ್ನು ಕೆಲವರು ಪುಕ್ಕಲುತನ ಅಂತಾರೆ. ನಾನು ಒಪ್ಪುವುದಿಲ್ಲ. ತನ್ನ ಮನಸ್ಸಿನ ಅನುಮಾನವನ್ನು ತೋರಿಸಿ, ತನ್ನ ಅಧಿಕಾರದ ಗೆರೆಯನ್ನು ದಾಟದೆ ನಿಂತರು.

ಬಿಜಾಪುರದಾಕೆ

ವಕೀಲರೇ, ಸಂಘಟನೆ ಸರಿ. ಆದರೆ ಊರಲ್ಲಿ ಒಂದು ಹೆಣ್ಣುಮಗಳು ಮೈದುನನ ವಿರುದ್ಧ ನಿಂತ ಮೇಲೆ ಅವಳ ಪರ ಮತ ಕೇಳೋಕೆ ಹೋಗುವವರು ಎಷ್ಟು ಜನ? ಗಂಡನ ಮನೆಯಲ್ಲೇ ಅವಳಿಗೆ ರೊಟ್ಟಿ ಬಿಸಿ ಇಟ್ಟಿರಲಿಕ್ಕಿಲ್ಲ. ಪುರುಷ ನಾಯಕರಿಗೆ ಇಲ್ಲದ ಈ ಭಾರವನ್ನೂ ತೂಗಿ ನೋಡಿ.

ಮಲಪ್ರಭಾ ದಂಡೆ

ಟೀಚರ್ ಹೇಳಿದ್ದು ಪೂರ್ತಿ ನಿಜ. ಆರು ತಿಂಗಳು ಅತ್ತೆ ಮಾತಾಡಿಸಲಿಲ್ಲ. ಆದರೆ ವಕೀಲರ ಮಾತನ್ನೂ ಅಕ್ಕನಿಗೆ ಓದಿ ಹೇಳಿದೆ. ಟ್ರ್ಯಾಕ್ಟರ್ ತಂದವರಲ್ಲಿ ಅರ್ಧ ಜನ ಮತ ಹಾಕೋಕೆ ಊರಲ್ಲೇ ಇರಲಿಲ್ಲ, ದುಡಿಯೋಕೆ ಗೋವಾಕ್ಕೆ ಹೋಗಿದ್ದರು ಅಂದಳು. ಈಗ ಸ್ವಸಹಾಯ ಸಂಘ ನಡೆಸುತ್ತಾಳೆ. ಊರಿನ ಬಹುಪಾಲು ಹೆಂಗಸರು ಅದರಲ್ಲಿದ್ದಾರೆ. ಮುಂದಿನ ಸಲ ನಿಲ್ತೀಯಾ ಅಂದೆ. ವಾರ್ಡಿನ ಮೀಸಲಾತಿ ಯಾವ ವರ್ಗಕ್ಕೆ ಬರುತ್ತದೋ ನೋಡೋಣ ಅಂದಳು. ಇಲ್ಲ ಅನ್ನಲಿಲ್ಲ.

ಜಮಖಂಡಿ ವಕೀಲ

ಹಾಗಾದ್ರೆ ಮತದಾರರ ಪಟ್ಟಿ ಪರಿಷ್ಕರಣೆ ಬಂದಾಗಲೇ ಸಂಘದ ಹೆಂಗಸರೆಲ್ಲರ ಹೆಸರು ಇದೆಯಾ ಅಂತ ನೋಡಿಸಿ. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನಲ್ಲೇ ಉಳಿದಿರುತ್ತದೆ, ವರ್ಗಾಯಿಸಬೇಕು. ಗೋವಾಕ್ಕೆ ಹೋದವರಿಗೆ ಚುನಾವಣೆ ದಿನಾಂಕ ಗೊತ್ತಾದ ಕೂಡಲೇ ಫೋನ್ ಮಾಡಿ. ಮೀಸಲಾತಿ ಅನುಕೂಲವಾಗಿ ಬಂದರೆ ನಾಮಪತ್ರ, ಜಾತಿ ಪ್ರಮಾಣಪತ್ರದ ಕೆಲಸ ನಾನು ನೋಡಿಕೊಳ್ಳುತ್ತೇನೆ. ಫೀಸು ಬೇಡ.

ಮಾಜಿ ಸುಬೇದಾರ್, ಗೋಕಾಕ

ಪಟ್ಟಿ ಓದುವಾಗ ಗುಡಿಕಟ್ಟೆ ಮುಂದೆ ಇದ್ದವರನ್ನೆಲ್ಲ ಮೊದಲು ಹೋಗಿ ಮಾತಾಡಿಸಲಿ. ಅವರು ಕಣ್ಣಾರೆ ಕಂಡವರು. ಮತ್ತೆ ಅಕ್ಕನ ಹತ್ತಿರ ಆ ನೋಟ್‌ಬುಕ್ ಇನ್ನೂ ಇದ್ದರೆ ಸಂಘದ ಇನ್ನಿಬ್ಬರಿಗೆ ಅದನ್ನು ತುಂಬೋದು ಹೇಗೆ ಅಂತ ಈಗಲೇ ಕಲಿಸಲಿ. ಮಳೆಗಾಲ ಚುನಾವಣೆಗೆ ಕಾಯುವುದಿಲ್ಲ.